ಷಡ್ಡಕನ ಹತ್ತು ಗಾಲಿ

ಸಿರುಗುಪ್ಪದ ರೈಸ್‌ಮಿಲ್ಲುಗಳ ಮುಂದೆ ಸುಗ್ಗಿಯಲ್ಲಿ ಭತ್ತದ ಗಾಡಿಗಳ ದೊಡ್ಡ ಸಾಲು ನಿಲ್ಲುತ್ತಿತ್ತು. ಆ ಸಾಲನ್ನು ನನ್ನಷ್ಟು ಬೇಗ ದಾಟಿದ ಮನುಷ್ಯ ಇನ್ನೂ ಹುಟ್ಟಿಲ್ಲ. ನನ್ನ ಉಪಾಯ ಸರಳ. ಲಾರಿಯನ್ನು ಸಾಲಿನ ಬಾಲಕ್ಕೆ ನಿಲ್ಲಿಸಿ, ಇಳಿದು ಬೀಡಿ ಹಚ್ಚಿ, ಪಕ್ಕದವನ ಕಿವಿಯಲ್ಲಿ ಮಾತ್ರ "ಆರ್‌ಟಿಓ ಬರಾಕತ್ಯಾನಂತ. ಕಾಗದ ಎಲ್ಲಾ ಅದಾವೇನು?" ಅನ್ನುತ್ತಿದ್ದೆ. ಕೂಗಬಾರದು. ಕೂಗಿದರೆ ಯಾರೂ ನಂಬುವುದಿಲ್ಲ. ಬೀಡಿ ಮುಗಿಯುವಷ್ಟರಲ್ಲಿ ಅರ್ಧ ಟ್ರ್ಯಾಕ್ಟರುಗಳು ಹೊಲದ ದಾರಿ ಹಿಡಿದಿರುತ್ತಿದ್ದವು, ನಾನು ಮಿಲ್ಲಿನ ಗೇಟಿನೊಳಗೆ ಇರುತ್ತಿದ್ದೆ. ಅದೇ ಜನರ ಮೇಲೆ ಮೂರು ಸುಗ್ಗಿ ಅದೇ ಉಪಾಯ ನಡೆಯಿತು. ನನ್ನ ಮುಖ ಎಷ್ಟು ಸಭ್ಯವಾಗಿದ್ದಿರಬೇಕು, ನೀವೇ ಹೇಳಿ.

ಇಂಥ ನನ್ನ ಹೊಟ್ಟೆಗೆ ಕಿಚ್ಚು ಹಚ್ಚಿದವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಕುರುಗೋಡಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ರೆಪ್ಪೆಯ ಮೇಲೂ ಹಿಟ್ಟು. ಸೈಕಲ್ ಬಿಟ್ಟರೆ ಇನ್ನೇನೂ ಓಡಿಸಲು ಬರುತ್ತಿರಲಿಲ್ಲ. ಏರು ಬಂದರೆ ಅದನ್ನೂ ತಳ್ಳಿಕೊಂಡು ಹೋಗುವವನು. ಅದು ಗಣಿಯ ಹುಚ್ಚು ಏರಿದ ಕಾಲ. ಬಳ್ಳಾರಿಯಲ್ಲಿ ಚಹಾದಂಗಡಿಯವನೂ ಅದಿರಿನ ಮಾತೇ ಆಡುತ್ತಿದ್ದ. ಒಂದು ದಿನ ನಮ್ಮ ಗಿರಣಿಯವನು ಹತ್ತು ಗಾಲಿಯ ಹೊಸ ಟಿಪ್ಪರನ್ನೇ ತಂದು ಗಿರಣಿ ಮುಂದೆ ನಿಲ್ಲಿಸಿಬಿಟ್ಟ. ಪವರ್ ಸ್ಟೇರಿಂಗ್ ಅಂತೆ, ಕಂಪ್ಯೂಟರ್ ಇಂಜಿನ್ನಂತೆ, ಕ್ಯಾಬಿನ್ನಿನಲ್ಲಿ ಫ್ಯಾನಂತೆ. ನನ್ನದು ಆರು ಗಾಲಿಯ ಹಳೆಯ ಲಾರಿ. ಫ್ಯಾನ್ ಬೇಕೆಂದರೆ ಬಾಗಿಲು ತೆರೆಯಬೇಕು, ತೆರೆದರೆ ಬಾಗಿಲು ಕೈಗೇ ಬರುತ್ತಿತ್ತು.

ಬಸವೇಶ್ವರನ ಗುಡಿಯ ಮುಂದೆ ಪೂಜೆ ಇಟ್ಟುಕೊಂಡಿದ್ದ. ಗಾಲಿಗಳ ಕೆಳಗೆ ನಿಂಬೆಹಣ್ಣು, ಮೂತಿಗೆ ನನ್ನ ತೊಡೆಯಷ್ಟು ದಪ್ಪದ ಹಾರ. ನನ್ನ ಹೆಂಡತಿ ತಂಗಿಯ ಜೊತೆ ಕ್ಯಾಬಿನ್ ಹತ್ತಿ ಕುಳಿತು, ಮದುವೆಯ ದಿನ ನಗದ ನಗುವನ್ನು ನಕ್ಕಳು. ಅದನ್ನು ನೋಡಲಾರದೆ ನಾನು ಮುಂದೆ ಹೋಗಿ ಕೇಳಿದೆ:

"ತಮ್ಮಾ, ಒಂದು ರೌಂಡ್ ಹಾಕ್ಕೊಂಡ್ ಬರ್ಲೇನು?"

"ಬ್ಯಾಡಣ್ಣಾ," ಅಂದ, ಎಲ್ಲರ ಎದುರಿಗೆ. "ಹೊಸ ಗಾಡಿ. ಒಂದ ಕೈಗೆ ಹೊಂದ್ಕೋಬೇಕು. ನಿಂದು ಭತ್ತದ ಲಾರಿ ಕೈ, ಒರಟ ಐತಿ."

ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ ಒರಟಂತೆ! ಹೇಳಿದವನು ಯಾರು? ಸೈಕಲ್ ತಳ್ಳುವವನು! ಊಟಕ್ಕೆ ಹೋಳಿಗೆ ಮಾಡಿಸಿದ್ದರು. ಅವನ ಮೇಲಿನ ಸಿಟ್ಟಿಗೆ ಆರು ತಿಂದೆ.

ಮನೆಗೆ ಬರುವಾಗ ನಮ್ಮ ಲಾರಿಯ ಸೀಟಿನಲ್ಲಿ ಹೆಂಡತಿ ನಾಲ್ಕು ಸಲ ಸೊಂಟ ಹಿಡಿದುಕೊಂಡಳು. ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಅನ್ನದಿದ್ದರೆ ಹೆಚ್ಚು ಉರಿಯುತ್ತದೆಂದು ಅವಳಿಗೆ ಗೊತ್ತು.

ವಾರದೊಳಗೆ ನಾನು ಬಳ್ಳಾರಿಯ ಶೋರೂಮಿನಲ್ಲಿದ್ದೆ. ಅಂಥದ್ದೇ ಗಾಡಿ ಬೇಕು, ಮೊದಲು ಓಡಿಸಿ ನೋಡಬೇಕು ಅಂದೆ. ಅಲ್ಲಿನ ಹುಡುಗ ನಕ್ಕು ಗೋಡೆಯ ಮೇಲಿನ ಬಣ್ಣದ ಪಟ ತೋರಿಸಿದ.

"ಓಡ್ಸಾಕ ಗಾಡಿ ಎಲ್ಲೈತ್ರಿ ಸಾರ್? ಬಂದ ಗಾಡಿ ಬಂದಂಗ ಗುಡ್ಡಕ್ಕ ಹೊಂಟಾವು. ಇದರಾಗ ನೋಡ್ಕೋರಿ. ಸೋಮವಾರದೊಳಗ ಬುಕ್ ಮಾಡಿದ್ರ ಈ ಸಲದಾಗ ಬರತೈತಿ. ಇಲ್ಲಂದ್ರ ಆರು ತಿಂಗಳು."

"ಎತ್ತು ತಗೊಳ್ಳಾಗೂ ಬಂಡಿಗೆ ಕಟ್ಟಿ ಓಡ್ಸಿ ನೋಡ್ತೀವಲೇ."

"ಎತ್ತಿಗೆ ಬುಕಿಂಗ್ ಇಲ್ಲಲ್ರಿ ಸಾರ್."

ಸಿರುಗುಪ್ಪದ ಇಟ್ಟಿಗೆ ಭಟ್ಟಿಯವನೊಬ್ಬ ನನ್ನ ಹಳೆಯ ಲಾರಿ ಕೇಳಿದ್ದ. ಅವನಿಗೂ ಸೋಮವಾರವೇ ಮಾತು ಕೊಡಬೇಕಿತ್ತು. ಮನೆ ನಡೆಸುತ್ತಿದ್ದುದು ಆ ಲಾರಿ. ಅದನ್ನು ಕೊಟ್ಟು ಪಟ ನೋಡಿ ಹೊಸದನ್ನು ತರುವುದು. ಕೈಗೆ ಹೊಂದದಿದ್ದರೆ ಎರಡೂ ಹೋಯಿತು. ಬಿಡೋಣವೆಂದರೆ ಹೆಂಡತಿಯ ಆ ನಗು ಕಣ್ಣಿಗೆ ಬರುತ್ತಿತ್ತು.

ಆಗ ಹೊಳೆಯಿತು: ಅಂಥ ಗಾಡಿ ಕುರುಗೋಡಿನಲ್ಲೇ ಇದೆಯಲ್ಲ! ಅದನ್ನು ಓಡಿಸುತ್ತಿದ್ದವನು ಮೋಕಾ ಊರಿನವನು, ನನ್ನ ಲಾರಿಯ ಮೇಲೆಯೇ ಕೆಲಸ ಕಲಿತವನು. ಈಗಲೂ ನನ್ನನ್ನು ಉಸ್ತಾದ್ ಅನ್ನುತ್ತಿದ್ದ. ಶನಿವಾರ ಅವನ ನಾದಿನಿಯ ನಿಖಾ. ಒಂದು ದಿನದ ಮಟ್ಟಿಗೆ ಬದಲಿ ಡ್ರೈವರ್ ಸಿಗದೆ ಒದ್ದಾಡುತ್ತಿದ್ದ.

"ನಾ ಬರ್ತೀನಿ," ಅಂದೆ.

"ಉಸ್ತಾದ್, ಮಾಲಕರಿಗೆ ಗೊತ್ತಾದ್ರ ನನ್ನ ಕೆಲಸ ಹೋಗತೈತ್ರಿ."

"ಮಾಲಕಗ ಸ್ಟೇರಿಂಗ್ ಯಾವ್ದು, ಸ್ಟೆಪ್ನಿ ಯಾವ್ದು ಗೊತ್ತಿಲ್ಲ. ನನ್ನ ಗುರುತು ಹಿಡೀತಾನೇನು? ನೀ ಬಿರ್ಯಾನಿ ತಿಂದು ಬಾ."

ಶನಿವಾರ ಹೊತ್ತು ಹುಟ್ಟುವಾಗ ಬಳ್ಳಾರಿಯಾಚೆ, ಅದಿರು ಇಳಿಸುವ ಸ್ಟಾಕ್‌ಯಾರ್ಡಿನ ದಾರಿಯಲ್ಲಿ ಕೀಲಿ ನನ್ನ ಕೈಗೆ ಬಂತು. ಲೋಡಾದ ಗಾಡಿ. ಹತ್ತಿ ಕುಳಿತೆ. ಸ್ಟೇರಿಂಗನ್ನು ಕಿರುಬೆರಳಲ್ಲಿ ತಿರುಗಿಸಿದರೂ ತಿರುಗಿತು. ಇಂಜಿನ್ನಿನ ಸದ್ದು ಗಿರಣಿಗಿಂತ ಮೆತ್ತಗೆ. ಎದೆ ಉಬ್ಬಿತು. ಮೊದಲ ಗೇರ್ ಹಾಕಿ ಇಪ್ಪತ್ತು ಹೆಜ್ಜೆ ಹೋದೆ, ನಿಂತೆ.

ಮುಂದೆ ಸಾಲು. ತೂಕದ ಕಾಟಾದ ತನಕ ಟಿಪ್ಪರುಗಳೇ ಟಿಪ್ಪರುಗಳು, ಎಲ್ಲವೂ ಒಂದೇ ಕೆಂಪು. ಅರ್ಧ ತಾಸಿಗೊಮ್ಮೆ ಇಪ್ಪತ್ತು ಹೆಜ್ಜೆ. ಎರಡನೇ ಗೇರು ಎಲ್ಲಿದೆಯೆಂದು ಕೈಯಿಂದ ಮುಟ್ಟಿ ನೋಡಿದೆ, ಅಷ್ಟೇ. ಫ್ಯಾನ್ ಹಾಕಿದರೆ ಅದು ಧೂಳನ್ನೇ ಮುಖಕ್ಕೆ ಬೀಸಿತು. ಕೊನೆಗೆ ನನ್ನ ವಿದ್ಯೆ ನೆನಪಾಗಿ ಇಳಿದೆ. ಬೀಡಿ ಹಚ್ಚಿ, ಮುಂದಿನ ಗಾಡಿಯವನ ಕಿವಿಯಲ್ಲಿ ಉಸುರಿದೆ:

"ಆರ್‌ಟಿಓ ಬರಾಕತ್ಯಾನಂತ."

"ಎಲ್ಲಿಂದ ಬರ್ತಾನಣ್ಣಾ?" ಅಂದ, ಆಕಳಿಸುತ್ತಾ. "ಅವನ ಜೀಪು ಮುಂಜಾನೆಯಿಂದ ನಮ್ಮ ಹಿಂದ ನಿಂತೈತಿ. ಈಗ ಒಳಗ ಮಲಕ್ಕೊಂಡಾನ."

ತಿರುಗಿ ನೋಡಿದೆ. ಹೌದು. ಕಿಟಕಿಯಿಂದ ಎರಡು ಬೂಟುಗಾಲು ಹೊರಗೆ ಚಾಚಿದ್ದವು. ತೆಪ್ಪಗೆ ಕ್ಯಾಬಿನ್ ಹತ್ತಿದೆ.

ಮಧ್ಯಾಹ್ನ ನನ್ನ ಷಡ್ಡಕ ಸಾಲಿನುದ್ದಕ್ಕೂ ನಡೆದು ಬರುವುದು ಕನ್ನಡಿಯಲ್ಲಿ ಕಂಡಿತು. ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಟವೆಲು. ಪ್ರತಿ ಗಾಡಿಯ ನಂಬರ್ ಪ್ಲೇಟಿನ ಧೂಳು ಒರೆಸಿ ಓದುವುದು, ತಲೆ ಅಲ್ಲಾಡಿಸಿ ಮುಂದಕ್ಕೆ ಹೋಗುವುದು. ತನ್ನ ಗಾಡಿ ಯಾವುದೆಂದು ತನಗೇ ಗುರುತಿಲ್ಲ! ನಾನು ಹೆಗಲ ಮೇಲಿನ ವಸ್ತ್ರವನ್ನು ಮೂಗಿನ ಮೇಲೆ ಬಿಗಿದೆ. ಉಳಿದ ಮುಖವನ್ನು ಅದಿರಿನ ಧೂಳೇ ಮುಚ್ಚಿತ್ತು.

"ತಗೋಪಾ, ಬುತ್ತಿ," ಎಂದು ಕಿಟಕಿಗೆ ಎತ್ತಿ ಕೊಟ್ಟ. ನಾನು ಗೋಣು ಹಾಕಿದೆ. ಅವನು ಮುಂದಿನ ಗಾಲಿಗೆ ಒರಗಿ, ನನಗೆ ಬೆನ್ನು ಮಾಡಿ ನಿಂತ.

"ನಮ್ಮ ಸಿರುಗುಪ್ಪದಣ್ಣನೂ ಇಂಥದ್ದ ಗಾಡಿ ಬುಕ್ ಮಾಡ್ತಾನಂತ," ಅಂದ. "ಅವತ್ತು ಒಂದು ರೌಂಡ್ ಕೇಳಿದ. ನಾ ಕೊಡ್ಲಿಲ್ಲ. ಯಾಕ ಗೊತ್ತೇನಲೇ? ಆತ ಸ್ಟೇರಿಂಗ್ ಹಿಡಿದ್ರ ಮಂದಿ ಆತನ್ನ ಮಾಲಕ ಅಂತಾರ, ನನ್ನ ಕ್ಲೀನರ್ ಅಂತಾರ. ನಮ್ಮನ್ಯಾಕಿ ಬ್ಯಾರೆ ಯಾವಾಗ್ಲೂ, ಭಾವ ಎಷ್ಟು ಚಂದ ಓಡಸ್ತಾರ ಅಂತಾಳ. ಕೇಳಿ ಕೇಳಿ ಹೊಟ್ಟಿ ಉರದೈತಿ. ನನ್ನ ಗಾಡ್ಯಾಗ ನಾ ಇನ್ನೂ ಆ ಸೀಟಿನ್ಯಾಗ ಕುಂತಿಲ್ಲ, ಮಂದಿ ನಗ್ತಾರಂತ."

ಹೋಳಿಗೆ ಆರು ತಿಂದರೂ ಸಿಗದ ಸುಖ ಆಗ ಸಿಕ್ಕಿತು. ಅವನಿಗೂ ಉರಿ! ನನ್ನ ಮೇಲೆ! ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಪುಂಡಿಪಲ್ಲೆ. ವಸ್ತ್ರದ ಕೆಳಗಿನಿಂದ ಒಂದು ತುತ್ತು ಬಾಯಿಗಿಟ್ಟ ಮೇಲೆ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ.

"ಉಪ್ಪು ಕಡಿಮಿ ಆಗೈತಲೋ ತಮ್ಮಾ."

ಅವನು ನಿಧಾನವಾಗಿ ತಿರುಗಿದ. ನಾನು ವಸ್ತ್ರ ಸರಿಸಿದೆ. ಅವನು ಆಚೆ ಬಾಗಿಲಿನಿಂದ ಹತ್ತಿ ಒಳಗೆ ಬಂದು, ಬುತ್ತಿಯನ್ನು ನನ್ನ ಕೈಯಿಂದ ಕಿತ್ತುಕೊಂಡ.

"ನನ್ನ ಡ್ರೈವರ್ ಎಲ್ಲಿ?"

"ಮೋಕಾದಾಗ ಬಿರ್ಯಾನಿ ತಿನ್ನಾಕತ್ಯಾನ. ಅವನ್ನ ಬಿಡಿಸಿದಿ ಅಂದ್ರ, ನೀ ಈಗ ಹೇಳಿದ್ದೆಲ್ಲ ನಿನ್ನ ಹೆಂಡ್ತಿಗೆ ಹೇಳ್ತೀನಿ."

"ಇದು ಬೀಗರು ಮಾಡೋ ಕೆಲಸಾನ ಅಣ್ಣಾ?"

"ರೌಂಡ್ ಕೊಡದಿರೋದು ಬೀಗರು ಮಾಡೋ ಕೆಲಸಾನ?"

ಸ್ವಲ್ಪ ಹೊತ್ತಿಗೆ ಅವನೇ ಒಂದು ರೊಟ್ಟಿ ಮುರಿದುಕೊಂಡ. "ಎಷ್ಟು ದೂರ ಓಡ್ಸಿದಿ?"

"ಮುಂಜಾನೆ ಆ ಬೇವಿನ ಗಿಡದ ಹಿಂದಿದ್ದೆ. ಈಗ ಗಿಡದ ಮುಂದ ಅದೀನಿ."

"ಹೆಂಗೈತಿ ಗಾಡಿ?" ಎಂದು ಕೇಳಿದ. ಅವನ ದನಿಯಲ್ಲಿ ಜಂಬ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವನಿಗೆ.

ಏನು ಬೇಕಾದರೂ ಹೇಳಬಹುದಿತ್ತು. "ಗೊತ್ತಾಗ್ಲಿಲ್ಲಪಾ," ಅಂದೆ. ಬಹಳ ದಿನಗಳ ಮೇಲೆ ನಾನು ಆಡಿದ ನಿಜ ಅದು.

"ಮತ್ತ, ಬುಕ್ ಮಾಡ್ತೀಯೇನು?"

ಎದುರಿನ ಸಾಲನ್ನು ನೋಡಿದೆ. ಬುಕ್ ಮಾಡಿದರೂ ನನ್ನ ಗಾಡಿ ಬರುವುದು ಅವನದು ಬಂದಾದ ಮೇಲೆಯೇ. ಇದೇ ಸಾಲಿನಲ್ಲಿ, ಅವನ ಬೆನ್ನಿಗೆ ನಿಲ್ಲಬೇಕು. ನನ್ನ ಪಿಸುಮಾತು ನಡೆಯದ ಜಾಗದಲ್ಲಿ, ದಿನವಿಡೀ ಹಿಟ್ಟಿನ ಗಿರಣಿಯವನ ನಂಬರ್ ಪ್ಲೇಟು ಓದುತ್ತಾ! ಗಾಡಿ ಹೇಗೂ ಇರಲಿ, ಅದು ನನ್ನಿಂದಾಗದು.

ಸೋಮವಾರ ಶೋರೂಮಿಗೆ ಹೋಗಲಿಲ್ಲ. ಭಟ್ಟಿಯವನಿಗೆ ಲಾರಿ ಕೊಡುವುದಿಲ್ಲ ಅಂದೆ.

ಷಡ್ಡಕ ಹೆದರಿದ್ದನೋ, ಕನಿಕರಪಟ್ಟನೋ, ಅಮಾವಾಸ್ಯೆಯ ದಿನ ಗಾಡಿ ಪೂಜೆ ಮುಗಿಸಿ, ಖಾಲಿ ಟಿಪ್ಪರಿನ ಕೀಲಿಯನ್ನು ತಾನಾಗಿಯೇ ನನ್ನ ಕೈಗಿಟ್ಟು ಪಕ್ಕದಲ್ಲಿ ಕುಳಿತ. ಕುರುಗೋಡಿನಿಂದ ಬಳ್ಳಾರಿ ಕಡೆಗೆ ರಸ್ತೆ ಖಾಲಿ. ಮೂರು, ನಾಲ್ಕು, ಐದು, ಗೇರುಗಳು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿದ್ದವು. ಅಷ್ಟು ದೊಡ್ಡ ಗಾಡಿ ಕರುವಿನ ಹಾಗೆ ಕೈ ಹಿಂದೆ ಬಂತು. ತಿರುಗಿಸಿ ತಂದು ಗಿರಣಿ ಮುಂದೆ ನಿಲ್ಲಿಸಿ, ಇಳಿದು, "ಪರವಾಗಿಲ್ಲ," ಅಂದೆ. ಆಮೇಲೆ ಅವನನ್ನು ಆ ಸೀಟಿನಲ್ಲಿ ಕೂರಿಸಿ ರಿವರ್ಸ್ ಗೇರ್ ಎಲ್ಲಿದೆಯೆಂದು ತೋರಿಸಿದೆ. ಗಿರಣಿಯ ಕಟ್ಟೆಯ ಮೂಲೆ ಇಂದಿಗೂ ಮುರಿದೇ ಇದೆ.

ಮುಂದೆ ಗಣಿ ನಿಂತಾಗ ಟಿಪ್ಪರುಗಳೆಲ್ಲ ರಸ್ತೆಬದಿಯಲ್ಲಿ ತುಕ್ಕು ಹಿಡಿದವು. ಊರವರು ನನ್ನನ್ನು ಬಲು ಮುಂದಾಲೋಚನೆಯವನು ಅಂದರು. ನಾನು ಅಲ್ಲಗಳೆಯಲಿಲ್ಲ, ಮೀಸೆ ತಿರುವಿಕೊಂಡೆ. ಆದರೆ ಆ ಅಮಾವಾಸ್ಯೆಯ ಸಂಜೆ ಮನೆಗೆ ಬಂದಾಗ ನನ್ನ ಹೆಂಡತಿ ಬಾಗಿಲಲ್ಲೇ ಕೇಳಿದ್ದಳು:

"ಹೆಂಗಿತ್ರೀ ಗಾಡಿ?"

"ಎತ್ತಿನ ಬಂಡಿ ಚಲೋ ಅದಕ್ಕಿಂತ."

"ಹೌದೇನು?" ಎಂದು ಚೊಂಬು ನೀರು ಕೊಟ್ಟಳು. "ಮತ್ತ ಯಾಕ ಕೈ ಇನ್ನೂ ಗೇರ್ ಹಾಕಾಕತ್ತೈತಿ?"