ಕೊಪ್ಪರಿಗೆ ನನ್ನದು, ಖಾತೆಯೂ ನನ್ನದೇ

ನಿಮ್ಮ ಹಣ ನಿಮ್ಮದೇ ಎಂದು ಇದುವರೆಗೆ ಯಾರಿಗಾದರೂ ಸಾಬೀತು ಮಾಡಿ ತೋರಿಸಿದ್ದೀರಾ? ಇಲ್ಲ ತಾನೇ? ಹಾಗಾದರೆ ನನ್ನ ಮುಂದೆ ದೊಡ್ಡ ಸಾಚಾಗಳ ಹಾಗೆ ಕೂರಬೇಡಿ. ನಾನು ತೋರಿಸಿ ಬಂದವಳು. ಅದನ್ನೇ ಈಗ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಾ ಇದ್ದೇನೆ. ಹೊಸದಾಗಿ ಕಲಿತ ವಿದ್ಯೆ, ನಿಧಾನವಾದರೆ ಆಗಲಿ.

ಬಂಟ್ವಾಳದ ಸುತ್ತಮುತ್ತ ಮದುವೆಯ ಅಡಿಗೆಗೆ ತಾಮ್ರದ ಕೊಪ್ಪರಿಗೆ ಬೇಕಾದವರು ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಿರಿಯಾನಿಗೆ ಬೇರೆ, ತುಪ್ಪದನ್ನಕ್ಕೆ ಬೇರೆ, ಪಾಯಸಕ್ಕೆ ಬೇರೆ. ಇದು ನನ್ನ ಗಂಡನ ವ್ಯಾಪಾರವಾಗಿರಲಿಲ್ಲ, ಮಗನದ್ದೂ ಅಲ್ಲ. ನಮ್ಮಲ್ಲಿ ನಿಕಾಹ್ ಆಗುವಾಗ ಗಂಡು ಹೆಣ್ಣಿಗೆ ಮಹರ್ ಕೊಡಬೇಕು. ಅದು ಅವಳೊಬ್ಬಳದ್ದೇ. ತಂದೆ, ಗಂಡ, ಮಗ, ಯಾರೂ ಅದಕ್ಕೆ ಕೈ ಹಾಕುವ ಹಾಗಿಲ್ಲ. ನನ್ನ ಜೊತೆಯ ಹೆಂಗಸರು ಮಹರಿನ ಚಿನ್ನವನ್ನು ಕೊರಳಿಗೆ ಹಾಕಿಕೊಂಡರು. ನಾನು ಮಾರಿದೆ. ಮಾರಿ ಕೊಪ್ಪರಿಗೆ ತಂದೆ. ಒಳಗೆ ಮಗು ಕೂತರೆ ತಲೆ ಕಾಣದಷ್ಟು ದೊಡ್ಡವು.

"ನೋಡಿ, ನನ್ನ ಸೊಸೆ ಚಿನ್ನ ಕೊಟ್ಟು ಮಸಿ ತಂದಿದ್ದಾಳೆ!" ಎಂದು ಅತ್ತೆ ಬೇಲಿಯಾಚೆಗೆ ಕೇಳುವ ಹಾಗೆ ಹೇಳಿದ್ದರು.

ಆ ಮಸಿ ಬೆಳೆದು ಹಿತ್ತಿಲಿನ ಶೆಡ್ಡು ತುಂಬಿತು. ಗಂಡ ಇದ್ದಷ್ಟು ಕಾಲ, ತಮ್ಮ ಸ್ನೇಹಿತರಿಗೆ ಕೊಪ್ಪರಿಗೆ ಬೇಕಾದರೆ ಅಡಿಗೆಮನೆಯ ಬಾಗಿಲಲ್ಲಿ ನಿಂತು "ಯಜಮಾನ್ತಿ ಇದ್ದಾರಾ?" ಎಂದು ಕೇಳುತ್ತಿದ್ದರು. ತಮಾಷೆಗೇ ಇರಬಹುದು, ಆದರೆ ಕೇಳುತ್ತಿದ್ದರು. ತಮ್ಮದೇ ತಂಗಿಯ ಮದುವೆಗೂ ಬಾಡಿಗೆ ಕೊಟ್ಟೇ ಒಯ್ದರು. ಬೇಡ ಎನ್ನುವಷ್ಟು ಒಳ್ಳೆಯವಳು ನಾನಲ್ಲ. ಪ್ರತಿ ಕೊಪ್ಪರಿಗೆಯ ಅಂಚಿನಲ್ಲೂ ಉಳಿಯಿಂದ ಒಂದು ಸಣ್ಣ ಮೀನು ಹೊಡೆಸಿದ್ದೇನೆ. ಹೆಸರು ಹೊಡೆಸಿದರೆ ಓದಲು ಬಾರದ ಅಡಿಗೆಯವರಿಗೆ ಗುರುತು ಸಿಗುವುದಿಲ್ಲ. ಮೀನು ಎಲ್ಲರಿಗೂ ಗೊತ್ತು.

ಈ ಕಸುಬಿಗೆ ಒಂದು ಕ್ರಮ ಉಂಟು. ಮದುವೆಯ ಕಾಲದಲ್ಲಿ ಕೊಪ್ಪರಿಗೆ ಮನೆಗೆ ಬರುವುದೇ ಇಲ್ಲ. ಕನ್ಯಾನದ ಮದುವೆ ಮುಗಿದರೆ ಅಲ್ಲಿಯವರೇ ತೊಳೆದು, ಟೆಂಪೋಗೆ ಹಾಕಿ, ಸೀದಾ ವಾಮದಪದವಿನ ಮದುವೆಗೆ ಕಳಿಸುತ್ತಾರೆ. ನಡುವೆ ನನ್ನ ಅಂಗಳದಲ್ಲಿ ಇಳಿಸಿ ಮತ್ತೆ ಹತ್ತಿಸುವುದು ದಂಡ. ಎಲ್ಲಿಂದ ಎಲ್ಲಿಗೆ ಎಂದು ನಾನು ಫೋನಿನಲ್ಲಿ ಹೇಳುತ್ತೇನೆ, ಅಷ್ಟೇ. ಇನ್ನು ಬಾಡಿಗೆಯ ವಿಷಯ. ಮದುವೆಯ ಖರ್ಚನ್ನು ನಮ್ಮ ಜನ ಸಂಬಂಧಿಕರೊಳಗೆ ಹಂಚಿಕೊಳ್ಳುತ್ತಾರೆ. ಒಬ್ಬ ಮಾಂಸ ವಹಿಸಿಕೊಂಡರೆ ಇನ್ನೊಬ್ಬ ಅಕ್ಕಿ. ಪಾತ್ರೆಯ ಬಾಡಿಗೆ ಹೆಚ್ಚಾಗಿ ಹುಡುಗಿಯ ಸೋದರಮಾವನ ಪಾಲಿಗೆ ಬೀಳುತ್ತದೆ. ಆ ಮಾವ ಗಲ್ಫಿನಲ್ಲೋ ಎಲ್ಲೋ ಇರುತ್ತಾನೆ. ಅವನ ಮುಖವನ್ನು ನಾನು ಕಂಡಿರುವುದಿಲ್ಲ, ಹಣ ಮಾತ್ರ ಮೊಬೈಲಿಗೆ ಟಿಣ್ ಎಂದು ಬರುತ್ತದೆ.

ಈಗೀಗ ಕ್ಯಾಟರಿಂಗಿನವರು ತಮ್ಮದೇ ಅಲ್ಯೂಮಿನಿಯಂ ಪಾತ್ರೆ ತರುತ್ತಾರೆ. ತಾಮ್ರದ ಕಾಲ ಇನ್ನೆಷ್ಟು ದಿನವೋ ಎಂದು ನನಗೆ ಅನುಮಾನ ಬಂತು. ಮಗ ವಿದೇಶದಿಂದ ರಜೆಯಲ್ಲಿ ಬಂದಾಗ ಷೇರಿನ ಖಾತೆ ಮಾಡಿಕೊಡು ಎಂದೆ. ಅವನು ನಗುತ್ತಾ ನನ್ನ ಮೊಬೈಲಿನಲ್ಲಿ ಎಂತೆಂತದೋ ಒತ್ತಿ, ನನ್ನ ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಫೋಟೋ ತೆಗೆದು, ಮಾಡಿಕೊಟ್ಟು ಹೋದ. ಬಡ್ಡಿಯ ವ್ಯವಹಾರದ ಕಂಪನಿ ಬೇಡ, ಹೆಂಡದ್ದು ಬೇಡ. ಉಳಿದದ್ದರಲ್ಲಿ ನನಗೆ ಗೊತ್ತಿರುವ ಸಾಮಾನು ಮಾಡುವವರದ್ದನ್ನು ಸ್ವಲ್ಪ ಸ್ವಲ್ಪ ತೆಗೆದುಕೊಂಡೆ. ಏರಿದರೆ ಅಕ್ಕಪಕ್ಕದವರಿಗೆ ಹೇಳುತ್ತಿದ್ದೆ. ಇಳಿದರೆ ಹೇಳುತ್ತಿರಲಿಲ್ಲ.

ಹೀಗಿರುವಾಗ ವಾಮದಪದವಿನ ಒಂದು ಮದುವೆಯ ಸೋದರಮಾವ ಫೋನ್ ಮಾಡಿ, ಬಾಡಿಗೆ ಎಲ್ಲಿಗೆ ಹಾಕಬೇಕು ಎಂದು ಕೇಳಿದ. ಆ ಹಣವನ್ನು ಹೇಗೂ ಷೇರಿಗೇ ಹಾಕುವವಳು ನಾನು. ನನ್ನ ಬ್ಯಾಂಕಿಗೆ ಬಂದು, ಅಲ್ಲಿಂದ ಮತ್ತೆ ಹೋಗುವುದು ಯಾಕೆ? ಕೊಪ್ಪರಿಗೆಯನ್ನು ಕಳಿಸುವ ಹಾಗೆಯೇ ಹೇಳಿದೆ, "ಮಗಾ, ನನ್ನ ಮನೆಗೆ ಬೇಡ, ಸೀದಾ ಅಲ್ಲಿಗೇ ಹಾಕು." ಷೇರಿನ ಆಫೀಸಿನ ಬ್ಯಾಂಕ್ ನಂಬರನ್ನೂ ನನ್ನ ಖಾತೆಯ ನಂಬರನ್ನೂ ಕಳಿಸಿದೆ. ಅವನು ಪಾಪ, ಹೇಳಿದ ಹಾಗೆ ಹಾಕಿದ.

ಮರುದಿನ ನನ್ನ ಖಾತೆಗೆ ಬೀಗ ಬಿತ್ತು. ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಮೂಡುಬಿದಿರೆಯ ಷೇರಿನ ಆಫೀಸಿನಿಂದ ಒಬ್ಬಳು ಹುಡುಗಿ ಫೋನ್ ಮಾಡಿದಳು.

"ಅಜ್ಜಿ, ನಿಮ್ಮ ಖಾತೆಗೆ ಬೇರೆ ಒಬ್ಬರು ಹಣ ಹಾಕಿದ್ದಾರೆ. ಅದನ್ನು ವಾಪಸ್ ಮಾಡಿದ್ದೇವೆ. ಅವರು ನಿಮಗೆ ಎಂತ ಆಗ್ಬೇಕು?"

"ಎಂತದೂ ಆಗ್ಬೇಕಿಲ್ಲ. ನಾನು ನೋಡ್ಲೇ ಇಲ್ಲ ಅವನನ್ನು."

ಆಚೆ ಕಡೆ ಅವಳು ಏನೋ ಟೈಪ್ ಮಾಡುವ ಸದ್ದು ಕೇಳಿತು. ಆಮೇಲೆ ಹೇಳಿದಳು, ನಾನು ಮನೆಯಲ್ಲಿರುವ ಹೆಂಗಸು, ಸ್ವಂತ ಆದಾಯ ಇಲ್ಲ ಎಂದು ಖಾತೆಯಲ್ಲಿ ಉಂಟಂತೆ. ಹಾಗಾದರೆ ಇಷ್ಟು ದಿನ ಹಾಕಿದ ಹಣ ಎಲ್ಲಿಂದ ಬಂತು ಎಂದು ದಾಖಲೆ ಸಮೇತ ಹೇಳಬೇಕಂತೆ. ಹೇಳದಿದ್ದರೆ ಖಾತೆ ಮುಚ್ಚುತ್ತಾರಂತೆ.

ಸ್ವಂತ ಆದಾಯ ಇಲ್ಲ! ರಜೆಯಲ್ಲಿ ಬಂದು ನಗುತ್ತಾ ಒತ್ತಿದವನಿಗೆ ಆಗಲೇ ಫೋನ್ ಮಾಡಿದೆ.

"ಉಮ್ಮ, ಯಾಕೆ ತಲೆಬಿಸಿ?" ಎಂದ ಮಗ. "ಹಣ ಮಗ ಕೊಟ್ಟದ್ದು ಅಂತ ಬರೆದು ಕೊಡಿ. ನಾನೊಂದು ಸಹಿ ಹಾಕಿ ಕಳಿಸ್ತೇನೆ. ಅಲ್ಲಿಗೆ ಮುಗೀತು."

"ನೀನು ಕೊಟ್ಟದ್ದಾ?"

"ಕೊಟ್ಟದ್ದಲ್ಲ. ಕೊಟ್ಟ ಹಾಗೆಯೇ ಅಲ್ವಾ?"

"ಹಾಗಾದ್ರೆ ಕೊಡು. ಅದು ಬೇರೆ ಇರ್ಲಿ. ಇದು ನನ್ನದು."

"ಉಮ್ಮ, ಅವರಿಗೆ ಕೊಪ್ಪರಿಗೆಯ ಕತೆ ಅರ್ಥ ಆಗ್ಲಿಕ್ಕಿಲ್ಲ. ಗಲ್ಫು, ಹವಾಲಾ ಅಂತ ಎಂತೆಂತದೋ ಗ್ರಹಿಸ್ತಾರೆ. ಇಲ್ಲದಿದ್ರೆ ಕ್ಲೋಸ್ ಮಾಡುವ. ಈ ಪ್ರಾಯದಲ್ಲಿ ಎಂತಕ್ಕೆ ನಿಮಗೆ ಅದು?"

"ನಿನಗೆ ಈ ಪ್ರಾಯದಲ್ಲಿ ಎಂತಕ್ಕೋ, ನನಗೂ ಅದಕ್ಕೇ."

ಅವನು ಕೆಟ್ಟವನಲ್ಲ. ನನಗೆ ತೊಂದರೆ ಆಗಬಾರದು ಎಂದೇ ಹೇಳಿದ್ದು. ಆದರೆ ಮಗ ಕೊಟ್ಟದ್ದು ಎಂದು ಒಮ್ಮೆ ನನ್ನ ಸಹಿ ಬಿದ್ದರೆ ಆಮೇಲೆ ಅದೇ ಸತ್ಯ. ಅಂಚಿನ ಮೀನನ್ನು ನಾನೇ ಉಜ್ಜಿ ಅಳಿಸಿದ ಹಾಗೆ. ಗಂಡ ಬಾಗಿಲಲ್ಲಿ ನಿಂತು ಕೇಳಿ ಒಯ್ದದ್ದನ್ನು ಮಗ ಕೇಳದೆ ತನ್ನದು ಮಾಡಿಕೊಳ್ಳುವುದೆಂದರೇನು? ಬುರ್ಖಾ ಹಾಕಿಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದೆ.

ಹುಡುಗಿಗೆ ಬೆಳ್ತಂಗಡಿಯ ಆಚೆ ಮನೆ. ಅಪ್ಪನಿಗೆ ರಬ್ಬರ್ ತೋಟ ಉಂಟಂತೆ. ಬೆರಳಲ್ಲಿ ಹೊಸ ಉಂಗುರ. ಮದುವೆ ನಿಶ್ಚಯವಾದದ್ದು ಕೇಳದೆಯೇ ಗೊತ್ತಾಗುತ್ತಿತ್ತು. ನಾನು ಮಹರಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅಜ್ಜಿ, ಕಳ್ಳ ಹಣ ಬಿಳಿ ಆಗುವುದು ಹೇಗೆ ಗೊತ್ತುಂಟಾ? ಹೀಗೇ. ಯಾರದ್ದೋ ಹಣ, ಇನ್ಯಾರದ್ದೋ ಹೆಸರಿನ ಖಾತೆಗೆ ಬರ್ತದೆ. ಹೆಚ್ಚಾಗಿ ಪ್ರಾಯದವರ ಹೆಸರು, ಮನೆಯಲ್ಲಿರುವ ಹೆಂಗಸರ ಹೆಸರು. ಅವರಿಗೆ ಗೊತ್ತೇ ಇರುದಿಲ್ಲ. ಪೊಲೀಸರು ಬಂದಾಗ ಗೊತ್ತಾಗುದು. ಅದಕ್ಕೇ ನಾವು ಕೇಳ್ಬೇಕು. ಕೇಳದಿದ್ರೆ ನಮ್ಮನ್ನು ಕೇಳ್ತಾರೆ."

"ಕಪ್ಪು ಇದ್ದದ್ದು ಬಿಳಿ ಆಗುದು ನನಗೆ ಗೊತ್ತುಂಟು. ಕೊಪ್ಪರಿಗೆಗೆ ವರ್ಷ ವರ್ಷ ಕಲಾಯಿ ಹಾಕಿಸ್ತೇನೆ."

ಅವಳು ನಗು ತಡೆದುಕೊಂಡಳು. ಬಾಡಿಗೆಗೆ ರಶೀದಿ ಉಂಟಾ ಎಂದು ಕೇಳಿದಳು. ಮದುವೆಮನೆಗೆ ರಶೀದಿ ಕೊಟ್ಟರೆ ಯಾರಾದರೂ ಬರುತ್ತಾರಾ ನನ್ನ ಹತ್ತಿರ? ಕೊನೆಗೆ ಮೇಜಿನ ಮೇಲೆ ಬಗ್ಗಿ, ಮಗ ಹೇಳಿದ ಮಾತನ್ನೇ ಮೆತ್ತಗೆ ಹೇಳಿದಳು.

"ಮಗ ಕೊಟ್ಟದ್ದಾದ್ರೆ ಒಂದು ಕಾಗದ ಸಾಕಿತ್ತು, ಅಜ್ಜಿ. ಬೇಗ ಆಗ್ತಿತ್ತು."

"ಸುಳ್ಳು ಹಣ ಹಿಡಿಯುವ ಆಫೀಸಲ್ಲಿ ಕೂತು ಸುಳ್ಳು ಬರೀಲಿಕ್ಕೆ ಹೇಳ್ತೀಯಲ್ಲ ಮಾರಾಯ್ತಿ!"

ಅವಳ ಮುಖ ಕೆಂಪಾಯಿತು. "ಬರೀರಿ ಅಂತ ಹೇಳ್ಲಿಲ್ಲ. 'ಕೊಟ್ಟದ್ದಾದ್ರೆ' ಅಂತ ಹೇಳಿದ್ದು."

"ಅವನು ಕೊಟ್ಟದ್ದಲ್ಲ. ಅದು ಬಿಡು. ನನ್ನ ಬಗ್ಗೆ ಆಗಲೇ ಸರ್ಕಾರಕ್ಕೋ ಪೊಲೀಸರಿಗೋ ಬರೆದು ಕಳಿಸಿದ್ದೀಯಾ?"

"ಅದನ್ನು ಹೇಳುವ ಹಾಗಿಲ್ಲ. ಬರೆದಿದ್ರೂ ಹೇಳುವ ಹಾಗಿಲ್ಲ, ಬರೆಯದಿದ್ರೂ ಹೇಳುವ ಹಾಗಿಲ್ಲ. ಕಾನೂನು."

"ಒಳ್ಳೆ ಸೊಸೆ ಆಗ್ತಿ ನೀನು," ಎಂದೆ. "ನಿನಗೆ ದಾಖಲೆ ಬೇಕಲ್ವಾ? ನನ್ನ ದಾಖಲೆ ಕಪಾಟಿನಲ್ಲಿ ಇಲ್ಲ. ಶನಿವಾರ ಬೆಳ್ತಂಗಡಿಯ ಮದುವೆ ಹಾಲ್‌ನಲ್ಲಿ ಒಲೆಯ ಮೇಲೆ ಇರ್ತದೆ. ನೀನು ಊರಿಗೆ ಹೋಗುವ ದಾರಿಯೇ. ಬಂದು ನೋಡು."

ಬರುತ್ತಾಳೆ ಎಂಬ ಭರವಸೆ ನನಗಿರಲಿಲ್ಲ. ಅವಳು ಹೂಂ ಎನ್ನಲಿಲ್ಲ, ಯಾರಿಗೋ ಫೋನ್ ಮಾಡಿ ಕೇಳುತ್ತೇನೆ ಎಂದಳು. ಆದರೆ ಶನಿವಾರ ಮಧ್ಯಾಹ್ನದ ಮೊದಲೇ ಹಾಲ್‌ನ ಹಿಂದಿನ ಬಾಗಿಲಲ್ಲಿ ಬ್ಯಾಗ್ ನೇತುಹಾಕಿಕೊಂಡು ನಿಂತಿದ್ದಳು. ಒಳಗೆ ಸಾಲಾಗಿ ನನ್ನ ಕೊಪ್ಪರಿಗೆಗಳು. ಹೊಗೆಯಲ್ಲಿ ಕಣ್ಣು ಸಣ್ಣ ಮಾಡಿಕೊಂಡು ಪ್ರತಿಯೊಂದರ ಅಂಚಿನಲ್ಲೂ ಮೀನು ಹುಡುಕಿ ಫೋಟೋ ತೆಗೆದಳು. ಅಡಿಗೆಯ ಮುಖ್ಯಸ್ಥ ಸಟ್ಟುಗ ಹಿಡಿದುಕೊಂಡೇ ಕೇಳಿದ, "ಎಂತ ಮೇಡಂ, ಪಾತ್ರೆ ಕದ್ದದ್ದಾ?"

"ಅಲ್ಲ. ಇದು ಯಾರದ್ದು ಅಂತ ನೋಡ್ತಾ ಇದ್ದೇನೆ."

"ಈ ಉಮ್ಮನದ್ದು, ಮತ್ಯಾರದ್ದು? ನಾನು ಸಣ್ಣ ಪ್ರಾಯದಿಂದ ಇವರ ಪಾತ್ರೆಯಲ್ಲೇ ಅಡಿಗೆ ಮಾಡುದು. ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡುದಿಲ್ಲ. ಅದನ್ನೂ ಬರ್ಕೊಳ್ಳಿ."

ಅವಳು ನಿಜವಾಗಿಯೂ ಬರೆದುಕೊಂಡಳು. ವಾಮದಪದವಿನ ಮದುವೆಯ ಮಾವನಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ತಾನು ಹಾಕಿದ್ದು ಪಾತ್ರೆಯ ಬಾಡಿಗೆ ಎಂದು ಬರೆದು ಕಳಿಸಲು ಒಪ್ಪಿದ. ಆಮೇಲೆ ಅವಳ ಮೇಲಿನ ಅಧಿಕಾರಿ ವಿಡಿಯೋದಲ್ಲಿ ಬಂದರು. ಕನ್ನಡಕ, ಟೈ, ಹಿಂದೆ ಬಿಳಿ ಗೋಡೆ. ಪುಸ್ತಕದ ಕನ್ನಡದಲ್ಲಿ ಕೇಳಿದರು.

"ಈ ಖಾತೆಯನ್ನು ನೀವು ಸ್ವತಃ ನಡೆಸುತ್ತಿದ್ದೀರಾ? ಇದರ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ?"

ನಾನು ತಿರುಗಿ ನೋಡಿದೆ. "ಹಿಂದೆ ಬಿರಿಯಾನಿ ಉಂಟು, ಸರ್. ಯಾರೂ ಇಲ್ಲ."

"ನಿಮ್ಮ ಮಗ ವಿದೇಶದಲ್ಲಿ ಇದ್ದಾರಲ್ಲವೇ?"

"ಇದ್ದಾನೆ. ಅವನ ಹಣ ಅವನ ಹತ್ತಿರ ಉಂಟು. ನಿನ್ನ ಖಾತೆಯಲ್ಲಿ ಉಮ್ಮನ ಹಣ ಉಂಟಾ ಅಂತ ಅವನನ್ನು ಯಾರಾದ್ರೂ ಕೇಳಿದ್ದಾರಾ?"

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಕೇಳಿದ ಎಲ್ಲದಕ್ಕೂ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೊಪ್ಪರಿಗೆ ಎಷ್ಟು, ಮದುವೆ ಯಾವ ತಿಂಗಳಲ್ಲಿ ಹೆಚ್ಚು, ಮಳೆಗಾಲದಲ್ಲಿ ಎಂತ ಮಾಡ್ತೀರಿ, ಎಲ್ಲ.

ಬೀಗ ತೆಗೆಯಲು ಅವರು ಸಮಯ ತೆಗೆದುಕೊಂಡರು. ಆ ದಿನಗಳಲ್ಲಿ ಮಗ ಮತ್ತೆ ಮತ್ತೆ ಫೋನ್ ಮಾಡಿ, ಈಗಲೂ ಕಾಗದ ಕಳಿಸಬಹುದು ಎಂದ. ನಾನು ಊರಿನ ಮಳೆಯ ಸುದ್ದಿ ಹೇಳಿ ಫೋನ್ ಇಡುತ್ತಿದ್ದೆ. ಕೊನೆಗೆ ಮೂಡುಬಿದಿರೆಗೆ ಬರಹೇಳಿದರು. ಮನೆಯಲ್ಲಿರುವ ಹೆಂಗಸು ಎಂದಿದ್ದದ್ದನ್ನು ಹುಡುಗಿ ನನ್ನ ಎದುರೇ ತೆಗೆದು, ಸ್ವಂತ ವ್ಯಾಪಾರ ಎಂದು ಹಾಕಿದಳು. ಆದಾಯವನ್ನೂ ಬರೆಸಿದಳು. ಖಾತೆ ತೆರೆಯಿತು. ಮಗನಿಗೆ ಆ ಪರದೆಯ ಫೋಟೋ ಕಳಿಸಿದೆ. ಅವನು ಒಂದು ಕೈಮುಗಿದ ಚಿತ್ರ ಕಳಿಸಿದ.

"ಇನ್ನು ಯಾರ ಹಣವೂ ಸೀದಾ ಇಲ್ಲಿಗೆ ಬರುವ ಹಾಗಿಲ್ಲ, ಅಜ್ಜಿ," ಎಂದಳು ಹುಡುಗಿ. "ಮೊದಲು ನಿಮ್ಮ ಬ್ಯಾಂಕಿಗೆ. ಅಲ್ಲಿಂದ ನೀವೇ ಹಾಕ್ಬೇಕು. ಕೊಪ್ಪರಿಗೆ ಊರೂರು ಸುತ್ತಲಿ, ಹಣ ಮನೆಗೆ ಬಂದೇ ಹೋಗ್ಲಿ."

ಆ ಮಾತಿಗೆ ಎದುರಾಡಲು ಬಾಯಿ ತೆರೆದೆ. ಆದರೆ ಮನೆಗೆ ಬಂದು ಹೋದ ಹಣಕ್ಕೆ ನನ್ನ ಹೆಸರು ಹತ್ತುತ್ತದೆ ಎಂದು ತೋರಿತು. ಮೊಬೈಲನ್ನು ಚೀಲಕ್ಕೆ ಹಾಕಿಕೊಂಡೆ. ಒಪ್ಪಿದೆ ಎಂದು ಮಾತ್ರ ಹೇಳಲಿಲ್ಲ.

ಏಳುವಾಗ ಮನಸ್ಸು ದೊಡ್ಡದಾಗಿತ್ತು. ಅವಳ ಉಂಗುರ ನೋಡಿ ಹೇಳಿದೆ, "ನಿನ್ನ ಮದುವೆಗೆ ಪಾಯಸದ ಕೊಪ್ಪರಿಗೆ ನಾನು ಕಳಿಸ್ತೇನೆ. ನಿನಗೆ ಬಾಡಿಗೆ ಇಲ್ಲ. ನಿನ್ನ ಅಪ್ಪನಿಗೂ ಹೇಳು, ನಿನ್ನ ಸೋದರಮಾವನಿಗೂ ಹೇಳು."

ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತಲೇ ಇಲ್ಲ.

"ಅಪ್ಪನಿಗೆ ಯಾಕೆ, ಮಾವನಿಗೆ ಯಾಕೆ ಹೇಳ್ಬೇಕು? ಬಾಡಿಗೆ ನಾನು ಕೊಡ್ತೇನೆ, ನನ್ನ ಸಂಬಳದಿಂದ. ಸ್ವಂತ ದುಡಿಮೆ ನಿಮಗೊಬ್ಬರಿಗೇ ಇರುದು ಅಂತ ಗ್ರಹಿಸಿದ್ರಾ, ಅಜ್ಜಿ?"