ಕೊಳ್ಳುವ ರೈಫಲನ್ನು ಹೊಗಳಬಾರದು

ಕೊಳ್ಳಬೇಕೆಂದಿರುವುದನ್ನು ಹೊಗಳಬಾರದು ಎನ್ನುವುದು ನಮ್ಮ ಮಾವನ ಧರ್ಮ. ಎತ್ತು ಎಷ್ಟೇ ಚೆನ್ನಾಗಿರಲಿ, ಅದರ ಮುಂದೆ ಮುಖ ಹುಳ್ಳಗೆ ಮಾಡಿಕೊಂಡು ನಿಂತು ಬಾಲ ಗಿಡ್ಡ, ಗೊರಸು ಸವಕಲು ಎಂದು ಕುಂದು ಹೇಳುತ್ತಾ ಹೋಗಬೇಕು. ಬೇಡವಾದ ಎತ್ತನ್ನು ಮಾತ್ರ ಬಾಯಿ ತುಂಬ ಹೊಗಳಬೇಕು. ತಮಿಳು ಸೀಮೆಯ ಘಟ್ಟದ ಮೇಲಿರುವ ನಮ್ಮ ಪಣಕಹಳ್ಳಿಯಲ್ಲಿ ಯಾರು ದನ ಕೊಳ್ಳಲು ಹೊರಟರೂ ಮಾವನನ್ನು ಕರೆದುಕೊಂಡು ಹೋಗುತ್ತಾರೆ. ಹಾಗಾಗಿ ನಾನು ರೈಫಲ್ ಕೊಳ್ಳಲು ಕೊಯಮತ್ತೂರಿಗೆ ಹೊರಟ ದಿನ ಅವರೂ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದರು.

ನನ್ನದು ಗುರಿ ಸ್ಪರ್ಧೆಯ ಏರ್ ರೈಫಲ್ ಹುಚ್ಚು. ಕಾಲೇಜಿನ ಎನ್‌ಸಿಸಿಯಲ್ಲಿ ಹಿಡಿದದ್ದು, ಮದುವೆಯಾಗಿ ಮಾವನ ಮನೆಗೆ ಸೊಸೆಯಾಗಿ ಬಂದ ಮೇಲೆ ಹೊಲ, ದನ, ಟೊಮೇಟೊ ಕಾಯಿಗಳ ನಡುವೆಯೂ ಬಿಡಲಿಲ್ಲ. ಘಾಟಿ ಇಳಿದು ಹೋಗಿ ರೈಫಲ್ ಕ್ಲಬ್ಬಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಆದರೆ ಕ್ಲಬ್ಬಿನ ರೈಫಲ್ ಹತ್ತು ಕೈಯದ್ದು, ಬಂದವರೆಲ್ಲ ತಮಗೆ ಬೇಕಾದಂತೆ ತಿರುಪು ತಿರುಗಿಸಿಟ್ಟು ಹೋಗುತ್ತಾರೆ. ಮುಂದಿನ ತಿಂಗಳು ಜಿಲ್ಲಾ ತಂಡದ ಆಯ್ಕೆ. ಸ್ವಂತದ್ದೊಂದು ಇಲ್ಲದೆ ಅಲ್ಲಿಗೆ ಹೋಗುವುದೂ ಒಂದೇ, ಮನೆಯಲ್ಲಿ ಕೂತಿರುವುದೂ ಒಂದೇ. ಹೊಸದು ನಮಗೆ ಎಟುಕುವಂಥದ್ದಲ್ಲ. ಒಂದು ಅಂಗಡಿಗೆ ಬಳಸಿದ ರೈಫಲ್ ಎರಡು ಬಂದಿವೆ ಎಂದು ನಮ್ಮ ಕೋಚ್ ಮೇಡಂ ಹೇಳಿದ್ದರು.

ಅಂಗಡಿಯವರು ಮೊದಲು ತಂದಿಟ್ಟದ್ದು ಮದುಮಗನ ಹಾಗೆ ಮಿರಮಿರ ಮಿಂಚುತ್ತಿತ್ತು. ಒಳಗೆ ಗುಂಡಿಲ್ಲವೆಂದು ನೋಡಿಕೊಂಡು, ನಳಿಗೆಯನ್ನು ಗೋಡೆಯ ಕಡೆ ಮಾಡಿ ಹಿಡಿದೆ. ಮರವೂ ಕಬ್ಬಿಣವೂ ಕೂಡುವ ಕಡೆ ಬಸ್ ಟಿಕೆಟ್ ತೂರಿಸಿದೆ. ಎಡಕ್ಕೆ ಸಲೀಸಾಗಿ ಇಳಿಯಿತು, ಬಲಕ್ಕೆ ಇಳಿಯಲೇ ಇಲ್ಲ. ಅಂದರೆ ನಳಿಗೆ ಮರದಲ್ಲಿ ಓರೆಯಾಗಿ ಕೂತಿದೆ. ತಿರುಪುಗಳ ತಲೆಗಳು ಕಿತ್ತುಹೋಗಿದ್ದವು. ಯಾರೋ ಬಿಚ್ಚಿ, ಸಿಕ್ಕಿದ್ದರಲ್ಲಿ ಬಿಗಿದಿದ್ದಾರೆ. ನಳಿಗೆಯ ತುದಿಯಲ್ಲಿ ಗುರಿ ನೋಡುವ ಸೈಟ್ ಕೂಡ ಒಂದು ಕಡೆಗೆ ವಾಲಿತ್ತು. ಬೇಡವೆಂದು ಮಾವನಿಗೆ ಕಣ್ಣಲ್ಲೇ ಹೇಳಿದೆ.

ಮಾವನಿಗೆ ಅಷ್ಟೇ ಸಾಕಾಗಿತ್ತು. "ಆಹಾ! ರೈಫಲ್ ಅಂದ್ರೆ ಇದು ಕಣವ್ವ! ಎಂಗ್ ಒಳೀತದೆ ನೋಡು!" ಎಂದು ಶುರು ಮಾಡಿದರು.

ಎರಡನೆಯದರ ಬಣ್ಣ ಮಾಸಿತ್ತು, ಕೆನ್ನೆ ಒರಗುವ ಜಾಗದಲ್ಲಿ ಮರ ಸವೆದಿತ್ತು. ಟಿಕೆಟ್ ಎರಡೂ ಕಡೆ ಒಂದೇ ಸಮನಾಗಿ ಇಳಿಯಿತು. ತಿರುಪುಗಳು ಕೆಡದೆ ಹಾಗೇ ಇದ್ದವು, ಸೈಟ್ ನೆಟ್ಟಗಿತ್ತು. ಹಿಂದಿನ ಓಣಿಯಲ್ಲಿ ಹೊಡೆದು ನೋಡಲು ಬಿಟ್ಟರು. ನನ್ನ ಗುಂಡುಗಳೆಲ್ಲ ಕಾಗದದಲ್ಲಿ ಒಂದರೊಳಗೊಂದು ಹೊಕ್ಕು ಒಂದೇ ತೂತಾಯಿತು. ಕುಣಿಯಬೇಕೆನ್ನಿಸಿತು. ಹಲ್ಲು ಕಾಣದಂತೆ ತುಟಿ ಕಚ್ಚಿಕೊಂಡು, ಕಾಗದ ಮಡಿಸಿ ಹಿಡಿದು ಅಂಗಡಿಯೊಳಗೆ ಬಂದೆ.

ಮಾವ ನನ್ನ ಮುಖ ನೋಡಿದರು. ತಕ್ಷಣ ಅವರ ಮುಖ ಹುಳ್ಳಗಾಯಿತು.

"ಇದೇನಯ್ಯ ಇದು, ಒಲೆಗ್ ಆಕೋ ಸೌದೆನಾ? ನಳಿಗೆ ಸೊಟ್ಟ. ಜೋಡ್ಸಿರೋನ್ಗೆ ಕಣ್ಣೇ ಇಲ್ಲ. ಬಿಟ್ಟಿ ಕೊಟ್ರೂ ಬ್ಯಾಡ."

ಮಾವ ತಮಿಳಿನಲ್ಲೂ ಒಮ್ಮೆ ಹೇಳಿ ಮುಗಿಸಿದರು. ಅಂಗಡಿಯವರು ಪಾಪ, ಅದನ್ನೇ ನಿಜವೆಂದು ನಂಬಿ ಮಿಂಚುವುದನ್ನು ನಮಗಾಗಿ ಪೆಟ್ಟಿಗೆಗೆ ಹಾಕತೊಡಗಿದರು. ಮಾಸಿದ್ದನ್ನು ಪಕ್ಕದಲ್ಲಿ ಕಾಯುತ್ತಿದ್ದ ಇನ್ನೊಬ್ಬ ಗಿರಾಕಿಯ ಕೈಗೆ ಕೊಟ್ಟರು.

ಮಾವ ಬೆಪ್ಪಾದರು. ನಮ್ಮ ದನದ ಸಂತೆಯಲ್ಲಿ ಒಬ್ಬರು ಕುಂದು ಹೇಳುತ್ತಿರುವ ಎತ್ತಿನ ಹಗ್ಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಕುಂದು ಹೇಳಿದರೆ ಬೇಕು ಎಂದೇ ಅರ್ಥ. ಕೊಯಮತ್ತೂರಿಗೆ ಅದು ಹೇಗೆ ಗೊತ್ತಾಗಬೇಕು?

ಆ ಗಿರಾಕಿ ರೈಫಲ್ ತಿರುಗಿಸಿ ನೋಡಿ ನನ್ನನ್ನೇ ತಮಿಳಿನಲ್ಲಿ ಕೇಳಿದರು. "ನೀವು ಹೊಡೆದು ನೋಡಿದಿರಲ್ಲಮ್ಮ, ನಳಿಗೆ ಸೊಟ್ಟ ಅನ್ನೋದು ನಿಜವಾ?"

ಹೌದು ಎಂದರೆ ಸಾಕು, ಅವರು ಕೆಳಗಿಡುತ್ತಾರೆ, ಅದು ನನ್ನದಾಗುತ್ತದೆ. ಮಾವ ಮೊಣಕೈಯಿಂದ ತಿವಿದರು. ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಷ್ಟು ನೆಟ್ಟಗಿರುವ ನಳಿಗೆಯನ್ನು ಸೊಟ್ಟ ಎನ್ನಲು ಮನಸ್ಸು ಒಪ್ಪಲಿಲ್ಲ.

"ಇಲ್ಲ ಸಾರ್. ಕೊಂಚವೂ ಕುಂದಿಲ್ಲ. ನಾನೇ ಕೊಳ್ಳಬೇಕು ಅಂತಿದ್ದೆ."

"ಹಾಗಾದರೆ ಈ ಹಿರಿಯರು ಯಾಕೆ ಹಾಗಂದರು?"

ಎಲ್ಲರೂ ಮಾವನ ಕಡೆ ತಿರುಗಿದರು. ಅವರು ಟವಲಿನಿಂದ ಮುಖ ಒರೆಸಿಕೊಂಡರು. ನನ್ನ ಕೈಯಲ್ಲಿದ್ದ ಕಾಗದ ಕಿತ್ತುಕೊಂಡು, ಮೇಜಿನ ಮೇಲೆ ಹರಡಿ, ಆ ಒಂದು ತೂತಿನ ಮೇಲೆ ಬೆರಳಿಟ್ಟರು. ತಮಿಳೆಲ್ಲ ಮರೆತುಹೋಗಿತ್ತು.

"ನಾನೇಳಿದ್ದು ಸುಳ್ಳು ಕಣಪ್ಪ. ರೈಫಲ್ ಚಿನ್ನದಂಗದೆ. ಅದ್ಕಿಂತ ನಮ್ ಸೊಸೆ ಚಿನ್ನ. ನಮ್ ಮನೇಲಿ ಇವಳಂಗೆ ಗುರಿ ಇರೋರು ಇನ್ನೊಬ್ರಿಲ್ಲ. ಇದು ಇವಳ ಕೈಗೇ ಸೇರ್ಬೇಕು."

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅಂಥ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಮಾವನ ಬಾಯಲ್ಲಿ ಯಾವಾಗಲೂ ನನ್ನ ಸಾರು ಉಪ್ಪು, ನನ್ನ ರಂಗೋಲಿ ಸೊಟ್ಟ, ನಾನು ಕಟ್ಟಿದ ಕರುವಿನ ಗಂಟು ಸಡಿಲ. ಇಷ್ಟು ವರ್ಷ ಅದನ್ನೆಲ್ಲ ಬೈಗುಳ ಎಂದುಕೊಂಡು ಒಳಗೊಳಗೇ ಉರಿದುಕೊಂಡಿದ್ದೆನಲ್ಲ, ನನ್ನ ಪೆದ್ದುತನಕ್ಕೆ ನನಗೇ ನಗು ಬಂತು. ಕಣ್ಣಲ್ಲಿ ನೀರೂ ಬಂತು.

ಗಿರಾಕಿ ಕಾಗದವನ್ನು ನೋಡಿದರು, ಮಾವನನ್ನು ನೋಡಿದರು, ಕನ್ನಡ ತಿಳಿಯಿತೋ ಇಲ್ಲವೋ, ನಗುತ್ತಾ ರೈಫಲನ್ನು ನನ್ನ ಕೈಗಿಟ್ಟರು.