ಹೂಡಿಯ ತಾರಸಿಯ ಮೇಲೆ ಬಿಜಾಯಾ

ಹೋದ ವಾರ ಸಂಜೆ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಕೆಟ್ಟು ಕೂತಿದ್ದರಿಂದ ಅಡುಗೆಮನೆಯ ಡ್ರಾಯರಿನಲ್ಲಿ ತಡಕಾಡಿ ಒಂದು ಮೇಣದಬತ್ತಿ ಹಚ್ಚಿದೆ. ಮೇಣ ಕರಗುವ ವಾಸನೆ ಬಂದದ್ದೇ ತಡ, ನಮ್ಮ ಮಹಡಿಯ ಮನೆಯಲ್ಲಿ ಒಂದು ಮಳೆಗಾಲ ಬಾಡಿಗೆಗಿದ್ದ ಆ ಹೆಂಗಸು ನೆನಪಾದರು. ಇಂಥದೇ ಒಂದು ಸಂಜೆ ನನ್ನ ಕೈಯಿಂದ ಬತ್ತಿ ತೆಗೆದುಕೊಂಡು ಅವರು ಹೇಳಿದ್ದರು: "ಫ್ರೆಂಚಿನಲ್ಲಿ ಇದಕ್ಕೆ ನಮ್ಮ ಊರಿನದೇ ಹೆಸರು."

ಅವರ ಊರು ಬಿಜಾಯಾ, ಅಲ್ಜೀರಿಯಾದ ಕಡಲ ತೀರದ್ದು. ಹಿಂದೆ ಅಲ್ಲಿಂದ ಜೇನುಮೇಣ ಹಡಗುಗಳಲ್ಲಿ ಯುರೋಪಿಗೆ ಹೋಗುತ್ತಿತ್ತಂತೆ. ಫ್ರೆಂಚರು ಆ ಊರನ್ನು ಬೂಜಿ ಎನ್ನುತ್ತಿದ್ದರು. ಕೊನೆಗೆ ಮೇಣದಬತ್ತಿಯೂ ಅವರ ಬಾಯಲ್ಲಿ ಬೂಜಿಯೇ ಆಯಿತು.

ನಮ್ಮ ಮನೆ ಹೂಡಿಯಲ್ಲಿ. ಮಾವನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ನಮಗೆ ಉಳಿದ ಸೈಟಿನಲ್ಲಿ ಮನೆ ಕಟ್ಟಿ ಮೇಲಿನದನ್ನು ಬಾಡಿಗೆಗೆ ಕೊಡುತ್ತೇವೆ. ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಗಳಿಗೆ ದೂರ ದೇಶಗಳಿಂದ ಬರುವವರೂ ಕೆಲವು ತಿಂಗಳು ಇದ್ದು ಹೋಗುತ್ತಾರೆ. ಇವರು ಬಂದದ್ದೂ ಹಾಗೆಯೇ, ಗಂಡನ ಹೃದಯದ ಕವಾಟದ ಆಪರೇಷನ್ನಿಗೆ. ಆಕೆ ಶಾಲೆಯಲ್ಲಿ ಚರಿತ್ರೆ, ಭೂಗೋಳ ಕಲಿಸಿ ನಿವೃತ್ತರಾದವರು. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಗಂಡ ದೊಡ್ಡ ಹಡಗುಗಳನ್ನು ಬಂದರಿನೊಳಕ್ಕೆ ಎಳೆದು ತರುವ ದೋಣಿ ನಡೆಸುತ್ತಿದ್ದವರು. ಅವರಿಗೆ ನಾಲ್ಕು ಮಾತು ಇಂಗ್ಲಿಷ್ ಬಂದರೆ ಹೆಚ್ಚು.

ಬಂದ ಮೊದಲ ದಿನ ನನ್ನ ಅತ್ತೆ ಲೋಟ ಹಿಡಿದು ಮಹಡಿ ಹತ್ತಿದರು. "ಯಮ್ಮಾ, ಕಾಪಿ ಕುಡೀರಿ," ಎಂದರು. ಹೊಸ ಹೆಂಗಸರನ್ನು ಅವರು ಕರೆಯುವುದೇ ಹಾಗೆ. ಆದರೆ ಆಕೆ ಲೋಟ ತೆಗೆದುಕೊಳ್ಳದೆ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟರು.

"ಇವರು ನನ್ನನ್ನು ಏನೆಂದು ಕರೆದರು?" ಎಂದು ನನ್ನನ್ನು ಕೇಳಿದರು.

ನಾನು ಹೇಳಿದೆ. ಅವರ ಭಾಷೆಯಲ್ಲಿ ಯಮ್ಮ ಎಂದರೆ 'ನನ್ನ ತಾಯಿ' ಎಂದು ಆಗ ತಿಳಿಯಿತು. "ನನಗೆ ಮಕ್ಕಳಾಗಲಿಲ್ಲ. ಈ ಮಾತು ಕೇಳಲು ಇಷ್ಟು ದೂರ ಬರಬೇಕಾಯಿತು," ಎಂದು ನಕ್ಕರು. ಅಂದಿನಿಂದ ನಾನೂ ಅವರನ್ನು ಯಮ್ಮ ಎಂದೇ ಕರೆದೆ.

ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸಂಜೆ ಮೆಟ್ಟಿಲ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರೆ ಅವರೂ ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಒಮ್ಮೆ ಅಂಕಿಗಳ ಮೇಲೆ ಬೆರಳಿಟ್ಟು ಒಂದು ಸಂಗತಿ ಹೇಳಿದರು. ನೂರಾರು ವರ್ಷಗಳ ಹಿಂದೆ ಇಟಲಿಯ ಒಬ್ಬ ಹುಡುಗ, ಬಿಜಾಯಾದ ಬಂದರಿನಲ್ಲಿ ಕೆಲಸಕ್ಕಿದ್ದ ತಂದೆಯ ಬಳಿಗೆ ಬಂದನಂತೆ. ನಮ್ಮ ದೇಶದ ಅಂಕಿಗಳಲ್ಲಿ ಲೆಕ್ಕ ಮಾಡುವುದನ್ನು ಅಲ್ಲೇ ಕಲಿತು, ತನ್ನ ಜನರಿಗೂ ತಿಳಿಯಲೆಂದು ಪುಸ್ತಕ ಬರೆದನಂತೆ. ಇಷ್ಟು ವರ್ಷ ಸೊನ್ನೆ ಸುತ್ತುತ್ತಿದ್ದ ನನಗೆ ಅದು ಗೊತ್ತೇ ಇರಲಿಲ್ಲ…

ಅಷ್ಟರಲ್ಲಿ ಅವರ ಗಂಡನಿಗೆ ಜ್ವರ ಬಂತು. ಆಪರೇಷನ್ ಮುಂದಕ್ಕೆ ಹೋಯಿತು. ಜ್ವರ ಇಳಿದರೂ ಅವರು ಊಟ ಬಿಟ್ಟರು, ಗೋಡೆಯ ಕಡೆ ತಿರುಗಿ ಮಲಗಿದರು. ಸಾಯುವುದಾದರೆ ಸಮುದ್ರ ನೋಡಿ ಸಾಯುತ್ತೇನೆ, ಊರಿಗೆ ಕರೆದುಕೊಂಡು ಹೋಗು ಎಂಬುದೊಂದೇ ಹಟ. ಈ ಸ್ಥಿತಿಯಲ್ಲಿ ವಿಮಾನ ಹತ್ತುವಂತಿಲ್ಲ, ಮೈಗೆ ಶಕ್ತಿ ಬಾರದೆ ಆಪರೇಷನ್ ಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಯಮ್ಮ ತಟ್ಟೆ ಹಿಡಿದು ಮಂಚದ ಪಕ್ಕ ಕೂತಿರುತ್ತಿದ್ದರು. ತಟ್ಟೆ ಹಾಗೆಯೇ ಕೆಳಗೆ ಬರುತ್ತಿತ್ತು.

ನೀರಿನ ಟ್ಯಾಂಕಿನ ಕಟ್ಟೆ ಸರಿಮಾಡಿಸಿ ಉಳಿದ ಎಂ-ಸ್ಯಾಂಡು ಮಹಡಿಯ ಮನೆಯೆದುರಿನ ತಾರಸಿಯ ಮೇಲೆ ಬಿದ್ದಿತ್ತು. ಒಂದು ಮಧ್ಯಾಹ್ನ ಶಾಲೆಯಿಂದ ಬಂದು ನೋಡಿದರೆ ಯಮ್ಮ ಸೆರಗಿನಂತೆ ದುಪಟ್ಟಾ ಸಿಕ್ಕಿಸಿಕೊಂಡು ಆ ಮರಳಿನಲ್ಲಿ ಕೂತಿದ್ದರು. ಮರಳು ಮುಚ್ಚಿದ್ದ ನೀಲಿ ಟಾರ್ಪಾಲಿನ್ನನ್ನು ಪೂರ್ವಕ್ಕೆ ಹಾಸಿ ಸಮುದ್ರ ಮಾಡಿದ್ದರು. ಹಿಂದುಗಡೆ ಒದ್ದೆ ಮರಳಿನ ಬೆಟ್ಟ. ಒಡೆದ ಟೈಲ್ಸು ಜೋಡಿಸಿ, ಬೆಟ್ಟದ ಬುಡದಿಂದ ಬಂದರಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮನೆಗಳು. ಗಂಡನನ್ನು ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿದ್ದರು. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಯಮ್ಮ ಪಾಠ ಮಾಡುವಂತೆ ನನಗೂ ಅತ್ತೆಗೂ ಹೇಳುತ್ತಾ ಹೋದರು. ಒಳನಾಡಿನ ಒಬ್ಬ ರಾಜ ಇಲ್ಲಿಗೆ ಬಂದು ರಾಜಧಾನಿ ಕಟ್ಟಿದ. ಆಮೇಲೆ ಸ್ಪೇನಿನವರು ಬಂದರು, ತುರ್ಕಿಯವರು ಬಂದರು, ಫ್ರೆಂಚರು ಬಂದರು. ಹಳೆಯ ಕಲ್ಲಿನ ಕಮಾನು, ಸಮುದ್ರದ ಬಾಗಿಲು, ಇನ್ನೂ ನಿಂತಿದೆ. ಬೆಟ್ಟ ದೂರದಿಂದ ಮಲಗಿರುವ ಹೆಂಗಸಿನಂತೆ ಕಾಣುತ್ತದೆ. ಮೇಲೆ ಒಬ್ಬ ಪುಣ್ಯವಂತೆಯ ಗೋರಿಯಿದೆ, ಅವಳ ಹೆಸರೂ ಯಮ್ಮ. ಯಮ್ಮ ಗುರಾಯಾ.

"ಬೆಟ್ಟದ ಮ್ಯಾಲೆ ಅಮ್ಮ ಅವ್ಳೆ ಅಂದ್ಮೇಲೆ ಕೈ ಬಿಡಾಕಿಲ್ಲ ಅಂತ ಯೋಳು," ಎಂದರು ಅತ್ತೆ. ನಾನು ಹೇಳಿದೆ.

ಯಮ್ಮ ತಲೆಯಾಡಿಸಿ, ಒಂದು ಸ್ಟೀಲ್ ಲೋಟ ಬೋರಲು ಹಾಕಿ, ಇದು ದೀಪಸ್ತಂಭ ಎಂದು ಬಲಗಡೆ, ನದಿ ಸಮುದ್ರ ಸೇರುವ ಕಡೆ ಇಟ್ಟರು.

ಕುರ್ಚಿಯಿಂದ ಏನೋ ಗದರುವ ದನಿ ಕೇಳಿತು. ಗಂಡ ಕಣ್ಣು ಬಿಟ್ಟಿದ್ದರು. ಯಮ್ಮ ತಿರುಗಿಯೂ ನೋಡದೆ ಏನೋ ಉತ್ತರ ಕೊಟ್ಟರು. ಅವರು ಗೋಡೆ ಹಿಡಿದು ಎದ್ದು ಬಂದು ನೆಲದಲ್ಲೇ ಕೂತು, ಲೋಟ ಕಿತ್ತುಕೊಂಡು ಎಡಗಡೆಗೆ, ಬೆಟ್ಟದಾಚೆ ಸಮುದ್ರದೊಳಕ್ಕೆ ಚಾಚಿದ ಮೂತಿಯ ಮೇಲೆ ನೆಟ್ಟರು. ಅಲ್ಲಿಂದ ವಾದ ಹತ್ತಿಕೊಂಡಿತು. ಬಂದರಿನ ಗೋಡೆಯೂ ಸೊಟ್ಟಗಿದೆಯೆಂದು ಅವರು ಕೆಡವಿ ಕಟ್ಟತೊಡಗಿದರು. ಅತ್ತೆ ಕೆಳಗೆ ಹೋಗಿ ಮೊಸರನ್ನ ಕಲೆಸಿ ತಂದು ಅವರ ತೊಡೆಯ ಮೇಲಿಟ್ಟರು. ಅವರು ಮಾತಿನ ಭರದಲ್ಲೇ ತಿನ್ನತೊಡಗಿದರು.

"ಅಯ್ಯೋ, ಜಗಳ ಬಿಡಿಸ್ಬೇಕೇನೋ ಅತ್ತೆ," ಎಂದೆ.

"ನೀನ್ ಸುಮ್ಕಿರು. ಜಗಳ ಆಡ್ಕಂಡು ಉಣ್ತಾವ್ರೆ, ಉಣ್ಲಿ."

ಆಮೇಲೆ ನಾನು ಯಮ್ಮನನ್ನು ಮೆಟ್ಟಿಲ ಬಳಿ ಕೇಳಿದೆ, ದೀಪಸ್ತಂಭ ಎಲ್ಲಿದೆಯೆಂದು ನಿಮಗೆ ಗೊತ್ತಿರಲಿಲ್ಲವೇ ಎಂದು. ಅವರು ಕೈಯ ಮರಳು ಕೊಡವಿಕೊಂಡರು. "ಜೀವಮಾನವಿಡೀ ಮಕ್ಕಳಿಗೆ ಕಲಿಸಿದ್ದು ಅದನ್ನೇ. ಆದರೆ ನಾನು ತಪ್ಪಿದರೆ ತಿದ್ದದೆ ಸುಮ್ಮನಿರುವ ಮನುಷ್ಯನಲ್ಲ ಅವರು," ಎಂದರು. ಹಾಗೆಂದವರು ಅಲ್ಲೇ ಕೂತು ಅತ್ತುಬಿಟ್ಟರು. ನಾನು ಅವರ ಬೆನ್ನು ಸವರುತ್ತಾ ಪಕ್ಕದಲ್ಲಿ ಕೂತೆ.

ಮರುದಿನ ಯಮ್ಮ ನದಿಯನ್ನು ತಪ್ಪಾಗಿ ಹರಿಸಿದರು. ಅದರ ಮರುದಿನ ಬೆಟ್ಟದ ಕಡೆಯಿರುವ ಕೋತಿಗಳ ಕಾಡನ್ನು ಊರಿನ ಈಚೆಗೆ ತಂದರು. ಗಂಡ ಬೈಯುತ್ತಾ ತಿದ್ದಿದರು, ಉಂಡರು. ಮೈಗೆ ಶಕ್ತಿ ಬಂತು. ಆಪರೇಷನ್ ಚೆನ್ನಾಗಿಯೇ ಆಯಿತು. ಅವರು ಆಸ್ಪತ್ರೆಯಲ್ಲಿದ್ದಾಗ ಬಂದ ಒಂದು ದೊಡ್ಡ ಮಳೆ ಊರನ್ನೆಲ್ಲ ತಾರಸಿಯ ತೂತಿನ ಕಡೆ ಒಯ್ದಿತು. ಯಾರಿಗೂ ಬೇಸರವಾಗಲಿಲ್ಲ. ಹೊರಡುವ ದಿನ ಯಮ್ಮ ಅತ್ತೆಯ ಎರಡೂ ಕೈ ಹಿಡಿದುಕೊಂಡು ತಮ್ಮ ಭಾಷೆಯಲ್ಲಿ ಎಷ್ಟೋ ಹೊತ್ತು ಏನೋ ಹೇಳಿದರು. ಅತ್ತೆ ಎಲ್ಲಕ್ಕೂ "ಊಂ, ಊಂ" ಎಂದರು.

ಅಲ್ಲಿಂದ ಫೋಟೋ ಕಳಿಸುತ್ತಿದ್ದರು. ಬಂದರಿನ ಮೇಲಿನ ಚೌಕ, ಬೆಳಗಿನ ಸಮುದ್ರ, ಹಡಗು ನೋಡುತ್ತಾ ನಿಂತ ಗಂಡ… ಹೋದ ವರ್ಷ ಫೋಟೋ ನಿಂತವು. ಆಮೇಲೊಂದು ದಿನ ಗಂಡನೇ ಫೋನ್ ಮಾಡಿದರು. ತಮಗೆ ಬರುವ ನಾಲ್ಕು ಮಾತಿನಲ್ಲಿ ಹೇಳಿದರು. ಮಾರುಕಟ್ಟೆಯಿಂದ ಬಂದ ಯಮ್ಮ ಕೂತಲ್ಲೇ ಹೋದರಂತೆ. ಜೋಪಾನ ಮಾಡಬೇಕಾಗಿದ್ದದ್ದು ಅವರ ಹೃದಯವನ್ನೆಂದು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ.

ಅತ್ತೆಗೆ ಹೇಳಿದೆ. "ಆಯಪ್ಪಂಗೆ ಊಟಕ್ಕೆ ಯಾರು ಮಾಡಾಕ್ತಾರೆ, ಕೇಳು," ಎಂದರು.

ಈಗಲೂ ಕೆಲವು ಭಾನುವಾರ ಅವರಿಗೆ ಫೋನ್ ಮಾಡುತ್ತೇನೆ. ಅತ್ತೆ ಪಕ್ಕದಲ್ಲಿ ಕೂತು ಅದೇ ಪ್ರಶ್ನೆ ಕೇಳಿಸುತ್ತಾರೆ. ಮೊನ್ನೆಯೂ ಕೇಳಿದೆ.

"ನಾನೇ ಮಾಡುತ್ತೇನೆ," ಎಂದರು. "ಮೀನು, ರೊಟ್ಟಿ. ಉಪ್ಪು ಜಾಸ್ತಿ ಆಗುತ್ತದೆ. ತಪ್ಪು ಎಂದು ಹೇಳಲು ಯಾರೂ ಇಲ್ಲ."